ವಾತಾಪಿ, ಹೊರಗೆ ಬಾ

ಬಿಲ್ಲಿನ ಮೊತ್ತದ ಬಾಲಕ್ಕೆ ನೇತುಬಿದ್ದಿದ್ದ 37 ಪೈಸೆಯನ್ನು ಕತ್ತರಿಸಬೇಕಿತ್ತು. ಅಷ್ಟೇ ಕೆಲಸ. "ಐದು ನಿಮಿಷದ್ದು, ಬಿಡಿ" ಎಂದು ಸೋಮವಾರದ ಮೀಟಿಂಗಿನಲ್ಲಿ ಹೇಳಿದವನು ನಾನೇ. ಪೈಸೆ ತೊಲಗಿದ್ದು ಮುಂದಿನ ವಾರದ ಬುಧವಾರ.

ನಮ್ಮದು ಬಿಲ್ ಮುದ್ರಿಸುವ ತಂತ್ರಾಂಶ. ಬಿಡಿಭಾಗಗಳ ವ್ಯಾಪಾರಿಯೊಬ್ಬರು ಅದನ್ನು ಕೊಂಡಿದ್ದರು. ಅವರ ಲೆಕ್ಕಿಗರು ಹಳೆಯ ಕಾಲದವರು, ಚಿಲ್ಲರೆಯನ್ನು ಕಂಡರೆ ಆಗದವರು. ಮಾದರಿಗೆಂದು ಒಂದೇ ಬಿಲ್ಲನ್ನು ಹಿಡಿದುಕೊಂಡಿದ್ದರು: 1,247 ರೂಪಾಯಿ 37 ಪೈಸೆ. ಅದನ್ನೇ ದಿನಾ ಬೆಳಿಗ್ಗೆ ಮತ್ತೆ ಮುದ್ರಿಸಿ ನನಗೆ ಫೋನ್ ಮಾಡುತ್ತಿದ್ದರು. "ಸ್ವಾಮಿ, ಇದೆ" ಎನ್ನುತ್ತಿದ್ದರು. ಏನು ಇದೆ ಎಂದು ನಾನು ಕೇಳುವ ಅಗತ್ಯವಿರಲಿಲ್ಲ.

ಐದು ನಿಮಿಷವೆಂದು ಜಂಭ ಕೊಚ್ಚಲು ನನಗೆ ಕಾರಣವಿತ್ತು. ನಮ್ಮ ತಂತ್ರಾಂಶ ತನ್ನ ಎಕ್ಸ್‌ಎಂಎಲ್ ಕಡತಗಳನ್ನು (ಟ್ಯಾಗ್ ಎಂಬ ಹೆಸರುಚೀಟಿಗಳನ್ನು ಒಂದರೊಳಗೊಂದು ಇಟ್ಟು ಮಾಹಿತಿ ಬರೆದ ಕಡತಗಳನ್ನು) ಓದುವುದು ಅಪಾಚೆ ಕಾಮನ್ಸ್‌ನ ಡೈಜೆಸ್ಟರ್ ಎಂಬ ಜಾವಾ ಲೈಬ್ರರಿಯಿಂದ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಿಂದ. ಸ್ಟ್ರಟ್ಸ್ ಚೌಕಟ್ಟಿನ ಸಂರಚನಾ ಕಡತವನ್ನು ಓದಲು ಹುಟ್ಟಿ, ಆಮೇಲೆ ಬೇರೆ ಮನೆ ಮಾಡಿಕೊಂಡ ಲೈಬ್ರರಿ ಅದು. ಕಡತವನ್ನು ಒಂದೊಂದೇ ಟ್ಯಾಗ್ ಓದುತ್ತಾ ಹೋಗುತ್ತದೆ. ಇಂಥ ದಾರಿಯಲ್ಲಿ, ಅಂದರೆ ಇಂತಿಂಥ ಟ್ಯಾಗುಗಳ ಒಳಗೆ, ಇಂಥ ಟ್ಯಾಗ್ ಸಿಕ್ಕರೆ ಇಂಥ ಕೆಲಸ ಮಾಡು ಎಂದು ಮೊದಲೇ ನಿಯಮಗಳನ್ನು ಕೊಟ್ಟಿರಬೇಕು. ಕಟ್ಟಿದ ವಸ್ತುಗಳನ್ನು ಛತ್ರದ ಸ್ಟೀಲ್ ತಟ್ಟೆಗಳಂತೆ ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. ಯಾವ ನಿಯಮಕ್ಕೂ ಹೊಂದದ ಟ್ಯಾಗ್ ಎದುರಾದರೆ, ಸಾಲ ಕೊಟ್ಟವನನ್ನು ಸಂತೆಯಲ್ಲಿ ಕಂಡವರಂತೆ ಕತ್ತು ತಿರುಗಿಸಿಕೊಂಡು ಮುಂದೆ ಹೋಗಿಬಿಡುತ್ತದೆ. ಈ ಕೊನೆಯ ಗುಣವನ್ನು ನೆನಪಿಟ್ಟುಕೊಳ್ಳಿ, ನಾನು ಇಟ್ಟುಕೊಂಡಿರಲಿಲ್ಲ.

2004ರಲ್ಲಿ ಬಂದ 1.6ನೆಯ ಆವೃತ್ತಿಯಲ್ಲಿ ಇದಕ್ಕೆ ಪ್ಲಗಿನ್ ಸೌಲಭ್ಯ, ಅಂದರೆ ಹೊರಗಿನ ಕೋಡನ್ನು ಸಿಕ್ಕಿಸುವ ಸೌಲಭ್ಯ, ಸೇರಿತು. ಕಡತದ ಟ್ಯಾಗ್ ಒಂದರಲ್ಲಿ ನಮ್ಮ ಕ್ಲಾಸಿನ (ಜಾವಾ ಕೋಡಿನ ಒಂದು ಘಟಕದ) ಹೆಸರು ಬರೆದರೆ ಸಾಕು. ಓದುತ್ತಾ ಅಲ್ಲಿಗೆ ಬಂದಾಗ ಡೈಜೆಸ್ಟರ್ ಆ ಹೆಸರನ್ನು ಕೂಗಿ, ಕ್ಲಾಸನ್ನು ಎಬ್ಬಿಸಿ ತಂದು, "ನಿನ್ನ ನಿಯಮಗಳೇನಪ್ಪಾ?" ಎಂದು ಕೇಳಿ ಆ ಕ್ಷಣದಲ್ಲೇ ಸೇರಿಸಿಕೊಳ್ಳುತ್ತದೆ. ಮೂಲ ತಂತ್ರಾಂಶದ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ.

ಡೈಜೆಸ್ಟರ್ ಎಂದರೆ ಜೀರ್ಣಿಸುವವನು. ಆ ಹೆಸರು ಕೇಳಿದಾಗಲೆಲ್ಲ ನನಗೆ ಅಜ್ಜಿಯ ನೆನಪು. ಹಾಲು ಕುಡಿಸಿ ಮಗುವಿನ ಹೊಟ್ಟೆ ಸವರುತ್ತಾ "ಜೀರ್ಣ ಜೀರ್ಣ ವಾತಾಪಿ ಜೀರ್ಣ" ಎನ್ನುತ್ತಿದ್ದರು. ಇಲ್ವಲನೆಂಬ ರಾಕ್ಷಸ ತಮ್ಮ ವಾತಾಪಿಯನ್ನು ಆಡು ಮಾಡಿ, ಅಡುಗೆ ಮಾಡಿ ಅತಿಥಿಗೆ ಬಡಿಸಿ, "ವಾತಾಪಿ, ಹೊರಗೆ ಬಾ" ಎಂದು ಕೂಗುತ್ತಿದ್ದ. ವಾತಾಪಿ ಅತಿಥಿಯ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಹೆಸರು ಕೂಗಿದರೆ ಎದ್ದು ಬರುವುದು, ನೋಡಿ. ಪ್ಲಗಿನ್ ವ್ಯವಸ್ಥೆ ಬಾದಾಮಿಯ ಕಡೆ ಎಂದೋ ಜಾರಿಯಲ್ಲಿತ್ತು ಎಂದು ನಾನು ಕ್ಯಾಂಟೀನಿನಲ್ಲಿ ಭಾಷಣ ಮಾಡಿದ್ದೂ ಉಂಟು. ಅಗಸ್ತ್ಯರು ಊಟಕ್ಕೆ ಬಂದ ದಿನ ಏನಾಯಿತೆಂಬ ಭಾಗವನ್ನು ಭಾಷಣದಲ್ಲಿ ಬಿಟ್ಟಿದ್ದೆ.

ಪೈಸೆ ಕತ್ತರಿಸುವ ಕ್ಲಾಸು ಬರೆದೆ. ಮೊದಲ ದಿನ ಕಡತದಲ್ಲಿ ಹೆಸರಿನ ಒಂದಕ್ಷರ ತಪ್ಪಿತ್ತು. ಆ ಕ್ಲಾಸು ಸಿಗುತ್ತಿಲ್ಲವೆಂದು ಪರದೆಯ ತುಂಬ ಕೆಂಪು ಕಾರಿಕೊಂಡಿತು. ತಿದ್ದಿದೆ. ನನ್ನ ಕಂಪ್ಯೂಟರಿನಲ್ಲಿ 1,247 ರೂಪಾಯಿ ಚೊಕ್ಕವಾಗಿ ಬಂತು. ವ್ಯಾಪಾರಿಗೆ ಕಳುಹಿಸಿ, ಮನೆಗೆ ಹೋಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಫೋನು. "ಸ್ವಾಮಿ, ಇದೆ."

ನನ್ನಲ್ಲಿ ಇಲ್ಲ, ಅವರಲ್ಲಿ ಇದೆ. ಕೆಂಪಿಲ್ಲ, ಕಿರುಚಾಟವಿಲ್ಲ. ಕ್ಲಾಸು ಎದ್ದು ಬಂದಿತ್ತು ಕೂಡ; ಆದರೆ ಮದುವೆ ಮನೆಗೆ ಬಂದ ಸೋದರಮಾವನಂತೆ ಕೈಕಟ್ಟಿ ಕೂತಿತ್ತು. ಜಾವಾ ಆವೃತ್ತಿಯನ್ನು ಅನುಮಾನಿಸಿದೆ. ಕ್ಲಾಸ್‌ಲೋಡರನ್ನು ಅನುಮಾನಿಸಿದೆ. ಶನಿವಾರದ ಹೊತ್ತಿಗೆ ಲೆಕ್ಕಿಗರನ್ನೇ ಅನುಮಾನಿಸತೊಡಗಿದ್ದೆ. ಹಳೆಯ ಪ್ರತಿಯನ್ನೇ ತೋರಿಸಿ ನನ್ನನ್ನು ಆಟವಾಡಿಸುತ್ತಿಲ್ಲ ತಾನೇ?

ಮಂಗಳವಾರ ಸಂಜೆ, ಕಚೇರಿಗೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿ ನನ್ನ ಹಿಂದೆ ನಿಂತು ಚಹಾ ಕುಡಿಯುತ್ತಿದ್ದಳು. "ಸರ್, ಆ ಎರಡನೆಯ ಆರ್ಗ್ಯುಮೆಂಟ್ ಯಾಕೆ ಬೂದು ಬಣ್ಣದಲ್ಲಿದೆ?" ಎಂದಳು.

"ಅದನ್ನು ಬಳಸಿಲ್ಲ. ಬೇಕಾಗಿರಲಿಲ್ಲ" ಎಂದೆ, ಹಿರಿಯರ ದನಿಯಲ್ಲಿ. ಹೇಳಿ ಮುಗಿಸುವಷ್ಟರಲ್ಲಿ ಹೊಟ್ಟೆಯೊಳಗೆ ಏನೋ ಕದಲಿತು.

ನಿಯಮ ಸೇರಿಸುವ ಮೆಥಡ್‌ಗೆ ಡೈಜೆಸ್ಟರ್ ಎರಡು ವಸ್ತು ಕೊಡುತ್ತದೆ. ಒಂದು, ತಾನು. ಇನ್ನೊಂದು, ಹುಡುಗಿ ತೋರಿಸಿದ ಆ ಬೂದು ಆರ್ಗ್ಯುಮೆಂಟ್: ಪ್ಲಗಿನ್ ಕೂತಿರುವ ಟ್ಯಾಗಿನವರೆಗಿನ ಪೂರ್ತಿ ದಾರಿ. ನಾವು ಬರೆಯುವ ಪ್ರತಿ ನಿಯಮವೂ ಆ ದಾರಿಯಿಂದಲೇ ಶುರುವಾಗಬೇಕು. ಬೀಗರ ಕಡೆಯ ಅಡುಗೆಯವರಿಗೆ ಒಂದು ಒಲೆ ಬಿಟ್ಟುಕೊಟ್ಟಂತೆ: ಅಲ್ಲಿ ಏನು ಬೇಕಾದರೂ ಬೇಯಿಸಿಕೊಳ್ಳಿ, ಪಕ್ಕದ ಒಲೆಗೆ ಕೈ ಹಾಕಬೇಡಿ. ನಾನೋ, ಕೊಟ್ಟ ದಾರಿಯನ್ನು ಬದಿಗಿಟ್ಟು, ನನ್ನ ಪರೀಕ್ಷಾ ಕಡತದಲ್ಲಿದ್ದ ದಾರಿಯನ್ನೇ ಅಕ್ಷರಕ್ಕಕ್ಷರ ಬರೆದಿದ್ದೆ. ವ್ಯಾಪಾರಿಯ ಕಡತದಲ್ಲಿ ಆ ಟ್ಯಾಗ್ ತೆರಿಗೆಯ ಟ್ಯಾಗಿನೊಳಗೆ ಒಂದು ಮೆಟ್ಟಿಲು ಕೆಳಗಿತ್ತು. ನನ್ನ ನಿಯಮ ಪಕ್ಕದ ಒಲೆಗೆ ಕೈ ಹಾಕಿತು. ಡೈಜೆಸ್ಟರ್ ಅದನ್ನು ಸೇರಿಸಿಕೊಳ್ಳಲೇ ಇಲ್ಲ.

ಸೇರಿಸಿಕೊಳ್ಳದಿದ್ದರೆ ಒಂದು ಮಾತು ಹೇಳಬಾರದೇ? ಸಿಟ್ಟಿನಲ್ಲಿ ಮೂಲ ಕೋಡನ್ನೇ ತೆರೆದು ನೋಡಿದೆ. ಹೊರಗಿನ ದಾರಿಯ ನಿಯಮವನ್ನು ತಿರಸ್ಕರಿಸುವ ಆ ಜಾಗದಲ್ಲಿಯೇ, "ಅಯ್ಯೋ, ಇಲ್ಲಿ ಎಕ್ಸೆಪ್ಶನ್ ಎಸೆಯುವಂತಿಲ್ಲ" ಎಂಬ ಅರ್ಥದ ಟಿಪ್ಪಣಿಯೊಂದಿತ್ತು. ಎಕ್ಸೆಪ್ಶನ್ ಎಂದರೆ ಕೆಲಸ ನಿಲ್ಲಿಸಿ ದೋಷವನ್ನು ಕೂಗಿ ಹೇಳುವುದು. ಎಷ್ಟು ವರ್ಷಗಳ ಹಿಂದೆ, ಯಾವ ದೇಶದ ಯಾವ ಪುಣ್ಯಾತ್ಮ ಕೂತು ಬಿಟ್ಟ ನಿಟ್ಟುಸಿರೋ! ಕಿರುಚಲಾಗದೆ ಅವರು ತಂತ್ರಾಂಶದ ದಿನಚರಿಯಾದ ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲು ಬರೆಸಿದ್ದರು. ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ಮರ್ಯಾದಸ್ಥ ಕೋಡಿನ ಮೇಲೆ ಯಾರು ತಾನೇ ರೇಗಿಯಾರು?

ಆ ಎಚ್ಚರಿಕೆ ನನಗೇಕೆ ಕಾಣಲಿಲ್ಲ ಎಂಬುದು ಉಳಿದ ಪ್ರಶ್ನೆ. ಮೂರು ತಿಂಗಳ ಹಿಂದೆ ವ್ಯಾಪಾರಿಯ ಸರ್ವರಿನ ಡಿಸ್ಕ್ ತುಂಬಿ, ಯಾರೋ ಲಾಗ್‌ನಲ್ಲಿ ಎಚ್ಚರಿಕೆಗಳನ್ನು ಬಂದ್ ಮಾಡಿ ದೋಷಗಳನ್ನಷ್ಟೇ ಉಳಿಸಿದ್ದರು. ಯಾರೆಂದು ಬದಲಾವಣೆಗಳ ಪಟ್ಟಿಯಲ್ಲಿ ಹುಡುಕಿದೆ. ನನ್ನದೇ ಹೆಸರು. ಪಕ್ಕದಲ್ಲಿ ನನ್ನದೇ ಷರಾ: "ಬೇಡದ ಗಲಾಟೆ ತೆಗೆದಿದೆ." ಹುಡುಗಿ ಅದನ್ನೂ ಓದಿದಳು. ಒಳ್ಳೆಯ ಮನೆತನದವಳು, ಚಹಾ ಲೋಟ ತೊಳೆಯಲು ಹೋದಳು.

ಕಳಚಿ ಬಿದ್ದಿದ್ದ ದಾರಿಯನ್ನು ನಿಯಮದ ಮುಂದೆ ಜೋಡಿಸಿದೆ. ಬೂದು ಅಕ್ಷರ ಕಪ್ಪಾಯಿತು. ಎರಡು ನಿಮಿಷವೂ ಹಿಡಿಯಲಿಲ್ಲ, ಅಂದರೆ ಮೀಟಿಂಗಿನಲ್ಲಿ ನಾನು ಕೇಳಿದ್ದಕ್ಕಿಂತ ಮೂರು ನಿಮಿಷ ಕಡಿಮೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆ ದಾಟಿತು. ಹತ್ತಾಯಿತು. ಫೋನು ಬರಲಿಲ್ಲ. ಮನಸ್ಸು ತಡೆಯದೆ ನಾನೇ ಮಾಡಿದೆ.

"ಪೈಸೆ ಹೋಯಿತಲ್ಲವೇ?" ಎಂದೆ.

"ಬಿಲ್ಲಿನಿಂದ ಹೋಗಿದೆ, ಸ್ವಾಮಿ" ಎಂದರು ಲೆಕ್ಕಿಗರು. ದನಿಯಲ್ಲಿ ಸಂತೋಷವಿರಲಿಲ್ಲ. "ನಮ್ಮ ಲೆಡ್ಜರಿನಲ್ಲಿ ಈಗ 37 ಪೈಸೆ ತಾಳೆಯಾಗುತ್ತಿಲ್ಲ. ಬೆಳಗಿನಿಂದ ಹುಡುಕುತ್ತಿದ್ದೇನೆ. ಎಲ್ಲಿ ಹೋಯಿತು ಅದು?"

"ಜೀರ್ಣವಾಯಿತು" ಎಂದೆ.

"ಅದು ಯಾವ ಖಾತೆ?" ಎಂದು ಅವರು ಬರೆದುಕೊಳ್ಳಲು ಪೆನ್ನು ಹುಡುಕುವ ಸದ್ದು ಕೇಳಿಸಿತು.