ನಾನೂರು ವರ್ಷ ಬದುಕಿದವನಿಗೆ ಒಂದು ಮಾತು ಆಡಲು ಬರುವುದಿಲ್ಲವೇ?

ಇನ್ನೊಂದು ನ್ಯೂ ಅಡಲ್ಟ್ ಪ್ಯಾರಾನಾರ್ಮಲ್ ರೊಮ್ಯಾನ್ಸ್ ಓದಿ ಮುಗಿಸಿದೆ, ಅಂದರೆ ಈಗಷ್ಟೇ ದೊಡ್ಡವರಾದವರ, ಅತಿಮಾನುಷ ಜೀವಿಗಳಿರುವ ಪ್ರೇಮಕಥೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನಾಯಕಿಗೆ ಇಪ್ಪತ್ತಮೂರು. ಓದು ಮುಗಿದಿದೆ, ಕೆಲಸ ಇದೆ, ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾಯಕ ವ್ಯಾಂಪೈರ್, ರಕ್ತ ಕುಡಿದು ಸಾವಿಲ್ಲದೆ ಬದುಕುವವನು, ನಾನೂರು ವರ್ಷ ಬದುಕಿದವನು. ಯುದ್ಧ ನೋಡಿದ್ದಾನೆ, ಪ್ಲೇಗ್ ನೋಡಿದ್ದಾನೆ, ಪ್ರೀತಿಸಿದವರನ್ನೆಲ್ಲ ಒಬ್ಬೊಬ್ಬರಾಗಿ ಮಣ್ಣು ಮಾಡಿದ್ದಾನೆ. ಈ ಇಬ್ಬರ ನಡುವೆ ಅರ್ಧ ಪುಸ್ತಕ ನಡೆಯುವ ಜಗಳಕ್ಕೆ ಕಾರಣ ಏನು? ಅವನು ಯಾರೋ ಹೆಂಗಸಿನ ಜೊತೆ ಮಾತಾಡುತ್ತಾ ನಿಂತಿದ್ದನ್ನು ಅವಳು ದೂರದಿಂದ ನೋಡಿದಳು. ಅಷ್ಟೇ. 'ಯಾರು ಅವಳು?' ಅಂತ ಕೇಳಿದ್ದರೆ ಮುಗಿಯುತ್ತಿತ್ತು. ಅವಳು ಕೇಳುವುದಿಲ್ಲ. ಫೋನ್ ಆಫ್ ಮಾಡುತ್ತಾಳೆ, ಬಾಗಿಲು ದಡಾರನೆ ಹಾಕುತ್ತಾಳೆ. ಅವನೂ ಹೇಳುವುದಿಲ್ಲ. ಗೋಡೆಗೆ ಗುದ್ದುತ್ತಾನೆ, ಯಾರ ಮೇಲೋ ಹಲ್ಲು ಕಡಿಯುತ್ತಾನೆ, ಮಳೆಯಲ್ಲಿ ನಿಲ್ಲುತ್ತಾನೆ. ಹದಿಮೂರು ವರ್ಷದ ಮಕ್ಕಳೂ ಇದಕ್ಕಿಂತ ಬೇಗ ರಾಜಿ ಆಗುತ್ತಾರೆ ಅಲ್ವಾ?

ಈ ಬಗೆಯ ಕಥೆಗಳೆಂದರೆ ನನಗೆ ಪ್ರಾಣ. ವ್ಯಾಂಪೈರ್, ಹುಣ್ಣಿಮೆಗೆ ತೋಳವಾಗುವ ವೇರ್‌ವುಲ್ಫ್, ಮಾಟಗಾತಿ, ಯಾವುದಿದ್ದರೂ ಓದುತ್ತೇನೆ. ಪಾತ್ರಗಳು ತಪ್ಪೇ ಮಾಡಬಾರದು ಅಂತಲೂ ನಾನು ಹೇಳುತ್ತಿಲ್ಲ. ಮೊದಲ ಪುಟದಲ್ಲಿ ಎಳಸಾಗಿದ್ದವಳು ಕೊನೆಯ ಹೊತ್ತಿಗೆ ಪಕ್ವವಾದರೆ ಅದೇ ಒಂದು ಒಳ್ಳೆಯ ಕಥೆ. ನನ್ನ ಸಿಟ್ಟು ಬೇರೆ ಕಡೆ ಇದೆ. ಇದು ತಪ್ಪು ಅಂತ ಪುಸ್ತಕಕ್ಕೇ ಗೊತ್ತಿರುವುದಿಲ್ಲ. ಎದುರು ನಿಂತವರಿಗೆಲ್ಲ ಕೊಂಕು ಮಾತಾಡುವುದನ್ನು ಗಟ್ಟಿಗಿತ್ತಿತನ ಅನ್ನುತ್ತಾರೆ. ಹೋಗಬೇಡ ಅಂದ ಕಾಡಿಗೆ ಹಟಕ್ಕೆ ಬಿದ್ದು ನಡುರಾತ್ರಿ ಹೋಗುವುದನ್ನು ಧೈರ್ಯ ಅನ್ನುತ್ತಾರೆ.

ನ್ಯೂ ಅಡಲ್ಟ್ ಅನ್ನುವ ಈ ವಿಭಾಗ ಶುರುವಾಗಿದ್ದು ಇದಕ್ಕಾಗಿ ಅಲ್ಲ. 2009ರಲ್ಲಿ ಅಮೆರಿಕದ ಸೇಂಟ್ ಮಾರ್ಟಿನ್ಸ್ ಪ್ರೆಸ್ ಒಂದು ಸ್ಪರ್ಧೆ ಇಟ್ಟಿತು. ಯಂಗ್ ಅಡಲ್ಟ್, ಅಂದರೆ ಹದಿಹರೆಯದವರ ಕಥೆಗಳ ಹಾಗೇ ಓದಿಸಿಕೊಂಡು ಹೋಗಬೇಕು, ಆದರೆ ದೊಡ್ಡವರ ಪುಸ್ತಕವಾಗಿ ಪ್ರಕಟಿಸುವಂತಿರಬೇಕು, ಅಂಥ ಬರಹ ಕಳಿಸಿ ಅಂತ ಕೇಳಿತು. ನ್ಯೂ ಅಡಲ್ಟ್ ಅನ್ನುವ ಹೆಸರು ಓಡಾಡತೊಡಗಿದ್ದು ಆಗಿನಿಂದ. ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನ ಪಾತ್ರಗಳು. ಮನೆ ಬಿಟ್ಟು ಹೊರಟವರು, ಮೊದಲ ಸಂಬಳ ಎಣಿಸುವವರು, ಅಪ್ಪ ಅಮ್ಮನನ್ನು ಕೇಳದೆ ಮೊದಲ ಸಲ ದೊಡ್ಡ ತೀರ್ಮಾನ ತೆಗೆದುಕೊಳ್ಳುವವರು. ಎಷ್ಟು ಒಳ್ಳೆಯ ವಯಸ್ಸು ಅದು! ನಮ್ಮ ಲೇಖಕರು ಅದರಿಂದ ಎತ್ತಿಕೊಂಡಿದ್ದು ಹಾಸಿಗೆಯ ದೃಶ್ಯಗಳನ್ನು ಮಾತ್ರ. ಮೈಗೆ ಇಪ್ಪತ್ತಮೂರು, ಬುದ್ಧಿಗೆ ಹದಿನಾಲ್ಕು. ನಾಯಕಿ ಮೂರು ವಾರ ಕೆಲಸಕ್ಕೆ ಹೋಗಿಲ್ಲ, ಆಫೀಸಿನಿಂದ ಒಂದು ಕರೆ ಇಲ್ಲ. ಬಾಡಿಗೆ ಯಾರು ಕಟ್ಟಿದರು, ಗೊತ್ತಿಲ್ಲ. ಗೆಳತಿಯೊಬ್ಬಳು ಇದ್ದಾಳೆ, ಇವಳ ಅಳು ಕೇಳುವುದಕ್ಕೆ ಮಾತ್ರ. ಆ ಗೆಳತಿಗೂ ಒಂದು ಬದುಕು ಇದೆ ಅಂತ ಇವಳಿಗೆ ಒಮ್ಮೆಯೂ ಹೊಳೆಯುವುದಿಲ್ಲ.

ವೇರ್‌ವುಲ್ಫ್ ಕಥೆಗಳದ್ದು ಇನ್ನೂ ದೊಡ್ಡ ಗೋಳು. ಅಲ್ಲಿ ಎಲ್ಲದಕ್ಕೂ ಒಂದೇ ಉತ್ತರ, 'ಅವನು ಆಲ್ಫಾ', ಅಂದರೆ ಗುಂಪನ್ನು ಆಳುವ ಗಂಡು. ಅವಳ ಫೋನ್ ತೆಗೆದು ನೋಡಿದ, ಯಾಕೆ? ಆಲ್ಫಾ. ಅವಳ ಜೊತೆ ನಕ್ಕ ಹುಡುಗನ ಕುತ್ತಿಗೆ ಹಿಡಿದ, ಯಾಕೆ? ಆಲ್ಫಾ. ಸ್ವಾಮಿ, ಈ ಆಲ್ಫಾ ಕಲ್ಪನೆ ಬಂದಿದ್ದೇ ಬೋನಿನಲ್ಲಿದ್ದ ತೋಳಗಳನ್ನು ನೋಡಿ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವ ಸಂಶೋಧಕರು ಮೃಗಾಲಯದಲ್ಲಿ ಒಟ್ಟಿಗೆ ಕೂಡಿಟ್ಟ ತೋಳಗಳ ಕಚ್ಚಾಟದ ಬಗ್ಗೆ ಬರೆದರು. 1970ರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ಅವರ ಪುಸ್ತಕದಿಂದ ಅದು ಊರೆಲ್ಲ ಹಬ್ಬಿತು. ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ, 1999ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ. ಮುಂದೆ ನಡೆಯುವುದು ಅಪ್ಪ ಅಮ್ಮ, ಹಿಂದೆ ಬರುವುದು ಮಕ್ಕಳು. ಸಿಂಹಾಸನಕ್ಕಾಗಿ ದಿನಾ ಹೊಡೆದಾಟ ಇಲ್ಲ. ಮರಿಗಳು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದೊಳಗೆ ಮನೆ ಬಿಡುತ್ತವೆ. ಗೊತ್ತಿಲ್ಲದ ನೆಲದಲ್ಲಿ ಅಲೆದು, ಜೋಡಿ ಹುಡುಕಿ, ಸ್ವಂತ ಸಂಸಾರ ಕಟ್ಟುತ್ತವೆ. ನ್ಯೂ ಅಡಲ್ಟ್ ಕಥೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಾ? ನಿಜವಾದ ತೋಳ ಇವರ ನಾಯಕನಿಗಿಂತ ಜಾಸ್ತಿ ಜವಾಬ್ದಾರಿಯಿಂದ ಬದುಕುತ್ತದೆ.

ಇನ್ನು ಆ ಹಣೆಬರಹದ ಜೋಡಿ. ಫೇಟೆಡ್ ಮೇಟ್ಸ್. ಒಬ್ಬರನ್ನೊಬ್ಬರು ಮೂಸಿದ ಕೂಡಲೇ ಬಂಧನ ಬಿದ್ದುಬಿಡುತ್ತದೆ, ಆಮೇಲೆ ಯಾರೂ ಯಾವುದಕ್ಕೂ ಉತ್ತರ ಕೊಡಬೇಕಿಲ್ಲ. ನಾಯಕಿಯ ಅಮ್ಮ ಮಾಟಗಾತಿ, ನಾಯಕಿಯನ್ನು ಕೊಲ್ಲಲು ಜನ ಹಿಂದೆ ಬಿದ್ದಿದ್ದಾರೆ. ಇದು ನಾಯಕನಿಗೆ ಮೊದಲ ದಿನದಿಂದ ಗೊತ್ತು. ಹೇಳುವುದಿಲ್ಲ. 'ನಿನ್ನನ್ನು ಕಾಪಾಡಲು ಮುಚ್ಚಿಟ್ಟೆ' ಅನ್ನುತ್ತಾನೆ. ಏನು ಕಾಪಾಡಿದ? ಗೊತ್ತಿಲ್ಲದೇ ಹೋಗಿಯೇ ಅವಳು ಸಿಕ್ಕಿಬಿದ್ದಿದ್ದು! ಅದಕ್ಕಾಗಿ ಅವನು ಕ್ಷಮೆ ಕೇಳಿದ ಒಂದು ಸಾಲು ಎಲ್ಲೂ ಇಲ್ಲ. ಎದೆಯೊಳಗೆ ಬಂಧನ ಸೆಳೆಯಿತಂತೆ, ಅವಳು ಕರಗಿದಳಂತೆ. ಮುಂದಿನ ಪುಟದಲ್ಲಿ ಮದುವೆ, ಅದರ ಮುಂದಿನದರಲ್ಲಿ ಮಗು. ಜಗಳ ಬಗೆಹರಿಸಲು ಬಾರದ ಈ ಇಬ್ಬರ ಕೈಗೆ ಮಗು!

ಹಾಗಾದರೆ ಆ ವ್ಯಾಂಪೈರ್‌ಗೆ ನಾನೂರು ವರ್ಷ ಯಾಕೆ ಕೊಟ್ಟರು? ನನಗೆ ಅನ್ನಿಸುವುದು ಹೀಗೆ. ನಾನೂರು ವರ್ಷದವನು ನಿಜಕ್ಕೂ ನಾನೂರು ವರ್ಷದವನ ಹಾಗೆ ಯೋಚಿಸಿದರೆ, ಅವನಿಗೂ ಇಪ್ಪತ್ತಮೂರರ ಹುಡುಗಿಗೂ ನಡುವೆ ದೊಡ್ಡ ಕಂದಕ ಕಾಣುತ್ತದೆ. ಅವನಿಗೆ ಹಣ ಜಾಸ್ತಿ, ಬಲ ಜಾಸ್ತಿ, ತಿಳಿವಳಿಕೆ ಜಾಸ್ತಿ. ಇವಳು ಅವನ ಎದುರು ಸಮಾನಳಾಗಿ ನಿಲ್ಲುವುದು ಹೇಗೆ? ಅದನ್ನು ಬರೆಯುವುದು ಕಷ್ಟ. ಅದಕ್ಕೇ ಲೇಖಕರು ಸುಲಭದ ದಾರಿ ಹಿಡಿಯುತ್ತಾರೆ, ಅವನನ್ನೂ ಮಗು ಮಾಡಿಬಿಡುತ್ತಾರೆ. ಇಬ್ಬರೂ ಮುನಿಸಿಕೊಂಡು ಕೂತರೆ ಸಮಾನರ ಹಾಗೆ ಕಾಣುತ್ತಾರೆ. ಅವನ ವಯಸ್ಸು ಹಳೆಯ ಕಾಲದ ಕೋಟ್‌ಗೆ, ಹಳೆಯ ಬಂಗಲೆಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಇದು ಓದುಗರಿಗೆ ಮಾಡುವ ಅವಮಾನ. ನಾವು ಇಪ್ಪತ್ತು ದಾಟಿದವರು. ಜೊತೆಯಲ್ಲಿ ಇರುವವರ ಜೊತೆ ಬಾಡಿಗೆ, ಅಡುಗೆ, ಕಾಯಿಲೆ ಎಲ್ಲ ಮಾತಾಡಿ ಬಗೆಹರಿಸಿಕೊಳ್ಳುತ್ತೇವೆ. ನಮಗೂ ಸಿಟ್ಟು ಬರುತ್ತದೆ, ಅಸೂಯೆ ಆಗುತ್ತದೆ. ಮಾರನೇ ದಿನ ಎದ್ದು ಕೆಲಸಕ್ಕೂ ಹೋಗುತ್ತೇವೆ.

ನನಗೆ ಬೇಕಾದ ಕಥೆಗಳು ಎಷ್ಟಿವೆ ಗೊತ್ತಾ? ಹುಣ್ಣಿಮೆಗೆ ಮುಂಚೆ ರೂಮ್‌ಮೇಟ್‌ನ ಕೂರಿಸಿಕೊಂಡು 'ನನಗೆ ಹೀಗೆ ಆಗುತ್ತದೆ, ನೀನು ಬಾಗಿಲು ಹಾಕಿಕೋ' ಅಂತ ಹೇಳಬೇಕಾದ ಹುಡುಗಿ. ಕ್ಷಮೆ ಕೇಳದೆಯೇ ಹಳಬರನ್ನೆಲ್ಲ ಕಳೆದುಕೊಂಡ, ಅದಕ್ಕೇ ಈಗ ತಪ್ಪು ಮಾಡಿದ ದಿನವೇ ಒಪ್ಪಿಕೊಳ್ಳುವ ವ್ಯಾಂಪೈರ್. ಸಾವೇ ಇಲ್ಲದ ಬದುಕನ್ನು ಒಪ್ಪಿದರೆ ಅಮ್ಮನಿಗೆ ಏನು ಹೇಳುವುದು ಅಂತ ಲೆಕ್ಕ ಹಾಕುವ ಇಪ್ಪತ್ತೈದರವಳು. ಇವರ ನಡುವೆ ಜಗಳ ಬೇಡ್ವಾ? ಬೇಕು, ಜೋರಾಗಿಯೇ ಇರಲಿ. ಎಲ್ಲ ಗೊತ್ತಿದ್ದೂ, ಎದುರು ಕೂತು ಮಾತಾಡಿಯೂ ಬಗೆಹರಿಯದ ಜಗಳ ಇರಲಿ.

ಅಂಥ ಪುಸ್ತಕ ನಿಮಗೆ ಸಿಕ್ಕಿದ್ದರೆ ದಯವಿಟ್ಟು ಹೆಸರು ಹೇಳಿ. 'ಆಲ್ಫಾ' ಅಂತ ಹೊದಿಕೆಯ ಮೇಲೇ ಬರೆದಿರುವುದು ಮಾತ್ರ ಬೇಡ.