ದನಿ ಅಸಲಿಯೋ ನಕಲಿಯೋ ಎಂದು ಕಿವಿಗೆ ಕೇಳಬೇಡಿ

ಎಐ ಬಳಸಿ ಆಪ್ತರ ದನಿ ನಕಲು ಮಾಡಿ, ಫೋನಿನಲ್ಲಿ ಹಣ ಕೀಳುವ ವಂಚನೆಯ ಬಗ್ಗೆ ಲೇಖನವೊಂದನ್ನು ಓದಿದೆ. ಗಮನವಿಟ್ಟು ಕೇಳಿದರೆ ನಕಲಿ ದನಿ ಪತ್ತೆಯಾಗುತ್ತದೆ ಎಂದು ಅದು ಹೇಳುತ್ತದೆ. ಸ್ಟುಡಿಯೋ ಹೆಡ್‌ಫೋನಿನಲ್ಲಿ ಇರಬಹುದು, ಫೋನ್ ಕರೆಯಲ್ಲಿ ಅಲ್ಲ. ಹಳೆಯ ಮಾದರಿಯ ಕರೆ ದಾಟಿಸುವುದು ಸುಮಾರು 300ರಿಂದ 3400 ಹರ್ಟ್ಸ್ ಕಂಪನದ ಸದ್ದನ್ನು ಮಾತ್ರ. 'ಸ', 'ಶ' ಉಚ್ಚಾರದಲ್ಲಿ ಉಳಿಯುವ ಕೃತಕ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ, ಅಂದರೆ ಸುಳಿವನ್ನು ಲೈನೇ ಕತ್ತರಿಸಿಬಿಡುತ್ತದೆ. ಜೊತೆಗೆ ಹಿನ್ನೆಲೆಗೆ ಟ್ರಾಫಿಕ್ ಸದ್ದು ಸೇರಿಸಿದರೆ ಮುಗಿಯಿತು.

ನಕಲು ಮಾಡಲು ಮಾದರಿ ದನಿ ಎಷ್ಟು ಬೇಕು? 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೋರಿಸಿದ, ದನಿ ನಕಲು ಮಾಡುವ ಎಐ ವ್ಯಾಲ್-ಇಗೆ 3 ಸೆಕೆಂಡು ಸಾಕಾಗಿತ್ತು. ಒಂದು ರೀಲ್ಸ್ ಅದಕ್ಕಿಂತ ಉದ್ದ! ವಂಚಕರಿಗೆ ದೀರ್ಘ ಸಂಭಾಷಣೆಯೂ ಬೇಡ: "ಅಪ್ಪಾ, ಆಕ್ಸಿಡೆಂಟ್ ಆಯ್ತು" ಎಂಬ ಅಳು ಎರಡು ವಾಕ್ಯ, ಆಮೇಲೆ ಫೋನು 'ಪೊಲೀಸ್' ಕೈಗೆ. ಹಾಗಾಗಿ ನಕಲು ದನಿಯನ್ನು ಪರೀಕ್ಷಿಸಲು ನಿಮಗೆ ಅವಕಾಶವೇ ಸಿಗುವುದಿಲ್ಲ.

ಮಾಡಬೇಕಾದದ್ದು ಕರೆ ಕತ್ತರಿಸಿ, ನಿಮ್ಮಲ್ಲಿ ಸೇವ್ ಆಗಿರುವ ನಂಬರಿಗೆ ನೀವೇ ಡಯಲ್ ಮಾಡುವುದು. ಪರದೆಯಲ್ಲಿ ಮಗನ ಹೆಸರೇ ಬಂದಿದ್ದರೂ ಅಷ್ಟೇ, ಕರೆ ಬರುವ ನಂಬರನ್ನೂ ನಕಲಿ ಮಾಡಬಹುದು. ಕರೆ ಮಾಡಿದವರನ್ನು ಕೇಳಿ ಖಚಿತಪಡಿಸಿಕೊಳ್ಳಲು ಮನೆಯೊಳಗೆ ಒಂದು ಗುಟ್ಟಿನ ಪದವಿರಲಿ, ಆದರೆ ಫೇಸ್‌ಬುಕ್ಕಿನಲ್ಲಿ ಸಿಗುವ ನಾಯಿಯ ಹೆಸರು, ಊರ ಹೆಸರು ಬೇಡ. ವಾಟ್ಸಾಪಿನಲ್ಲಿ ಬರೆದಿಡಲೂಬೇಡಿ.

ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಠಾಣೆ ಆಮೇಲೆ. ವಹಿವಾಟಿನ ಯುಟಿಆರ್ ಸಂಖ್ಯೆ (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ), ಸಮಯ, ಮೊತ್ತ ಕೈಯಲ್ಲಿರಲಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ, ತಡೆಹಿಡಿಯಲು ಏನೂ ಉಳಿದಿರುವುದಿಲ್ಲ.