ಡೈವಿಂಗ್ ಮಾಸ್ಕಿನ ಲೆನ್ಸ್ ಕೈಯಲ್ಲೇ ಬಿಚ್ಚೋ ಹಾಗಿರಲಿ

ಡೈವಿಂಗ್ ಮಾಸ್ಕ್ ಮಾಡುವವರಿಗೆ ನನ್ನದೊಂದೇ ಬೇಡಿಕೆ. ಲೆನ್ಸನ್ನು, ಅಂದರೆ ಕಣ್ಣಿನ ಮುಂದಿನ ಗಾಜನ್ನು, ಕೈಯಲ್ಲೇ ಬಿಚ್ಚಿ, ಕೈಯಲ್ಲೇ ಹಾಕುವ ಹಾಗೆ ಮಾಡಿ. ಸ್ಕ್ರೂಡ್ರೈವರ್ ಬೇಡ, ಅಂಗಡಿಗೆ ಕಳಿಸೋದು ಬೇಡ, ದೋಣಿಯಲ್ಲಿ ಕೂತಲ್ಲೇ ಎರಡು ನಿಮಿಷದಲ್ಲಿ ಆಗಿಬಿಡಬೇಕು.

ಬೆಂಗಳೂರಿನಿಂದ ಈಗ ಎಷ್ಟೊಂದು ಜನ ಡೈವಿಂಗಿಗೆ ಹೋಗುತ್ತಾರೆ. ಇಲ್ಲೇ ಯಾವುದಾದರೂ ಈಜುಕೊಳದಲ್ಲಿ ಪಾಠ, ಆಮೇಲೆ ರಾತ್ರಿ ಬಸ್ ಹತ್ತಿ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಇವರಲ್ಲಿ ಕನ್ನಡಕದವರೇ ಜಾಸ್ತಿ ಅನ್ನಿಸುತ್ತದೆ ನನಗೆ, ಮೈನಸ್ ಮೂರು, ಮೈನಸ್ ಐದು ಎಲ್ಲ ಮಾಮೂಲು. ಮಾಸ್ಕಿನೊಳಗೆ ಕನ್ನಡಕ ಹಾಕೋಕೆ ಆಗಲ್ಲ. ಅದರ ಕಡ್ಡಿ ಸಿಲಿಕೋನ್ ಅಂಚನ್ನು ಎತ್ತಿಬಿಡುತ್ತದೆ, ನೀರು ನುಗ್ಗುತ್ತದೆ. ಕೊನೆಗೆ ಬಾಡಿಗೆಯ ಸಾದಾ ಮಾಸ್ಕನ್ನೇ ಹಾಕಿಕೊಂಡು ಇಳಿಯುತ್ತಾರೆ. ಗಾಜು ಬಿಚ್ಚೋ ಹಾಗಿದ್ದರೆ ಅದರ ಜಾಗದಲ್ಲಿ ತಮ್ಮ ಪವರಿನ ಗಾಜನ್ನೇ ಹಾಕಿಕೊಳ್ಳಬಹುದಿತ್ತು.

ನೀರಿನಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತಲ್ಲ, ಪವರ್ ಯಾಕೆ ಅಂತ ಕೆಲವರು ಕೇಳುತ್ತಾರೆ. ನಿಜ, ಗಾಜಿನ ಆಚೆ ನೀರು, ಈಚೆ ಗಾಳಿ ಇರೋದರಿಂದ ವಸ್ತುಗಳು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ, ಕಾಲು ಭಾಗ ಹತ್ತಿರದಲ್ಲಿ ಕಾಣುತ್ತವೆ. ಪವರ್ ತೀರಾ ಕಡಿಮೆ ಇದ್ದವರಿಗೆ ಅಷ್ಟೇ ಸಾಕಾಗಬಹುದು. ಮೈನಸ್ ಐದಿನವರಿಗೆ ಮಸುಕು ಮಸುಕಾಗಿಯೇ ಇರುತ್ತದೆ, ಸ್ವಲ್ಪ ದೊಡ್ಡ ಮಸುಕು ಅಷ್ಟೆ. ಮೀನು ಕಾಣದಿದ್ದರೆ ಹೋಗಲಿ ಬಿಡಿ. ಆದರೆ ನೀರೊಳಗೆ ಕೈಸನ್ನೆಯೇ ಮಾತು. ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’, ಹೆಬ್ಬೆರಳಿಗೆ ತೋರುಬೆರಳು ಸೇರಿಸಿದರೆ ‘ಎಲ್ಲ ಸರಿಯಿದೆ’. ನಾಲ್ಕು ಮೀಟರ್ ದೂರದಲ್ಲಿ ಇರುವ ಕೋಚ್ ಇದರಲ್ಲಿ ಯಾವುದು ತೋರಿಸುತ್ತಿದ್ದಾರೆ ಅಂತ ತಿಳಿಯದೆ ಕಲಿಯುವವರು ಕಂಗಾಲಾಗುವುದನ್ನು ನಾನು ಕಂಡಿದ್ದೇನೆ. ನಲವತ್ತು ದಾಟಿದವರದು ಇನ್ನೊಂದು ಪಾಡು. ದೂರದ್ದು ಕಾಣುತ್ತದೆ, ಕೈಯಲ್ಲೇ ಹಿಡಿದಿರುವ ಗೇಜಿನ ಮುಳ್ಳು 100 ಬಾರ್‌ನಲ್ಲಿದೆಯೋ 50ಕ್ಕೆ ಇಳಿದಿದೆಯೋ ಓದೋಕೆ ಆಗಲ್ಲ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅನ್ನುವ ಲೆಕ್ಕ ಅದು, ಸಣ್ಣ ವಿಷಯ ಅಲ್ವೇ ಅಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಳ್ಳಿ ಅಂತ ಹೇಳೋದು ಸುಲಭ. ಮಾಸ್ಕಿಗೆ ನೀರು ಬಿಟ್ಟುಕೊಂಡು ಮತ್ತೆ ಹೊರಹಾಕುವುದನ್ನು ಮೊದಲ ಪಾಠದಲ್ಲೇ ಕಲಿಸುತ್ತಾರೆ, ಆಗ ಕಣ್ಣು ಬಿಟ್ಟರೆ ಲೆನ್ಸ್ ತೇಲಿಹೋಗಬಹುದು. ಲೆನ್ಸ್ ಮತ್ತು ನೀರು ಸೇರಿದರೆ ಅಕಾಂತಮೀಬಾ ಅನ್ನುವ ನೀರಿನ ಸೂಕ್ಷ್ಮಜೀವಿಯಿಂದ ಕಣ್ಣಿಗೆ ಬರುವಂಥ ಸೋಂಕಿನ ಭಯ ಬೇರೆ ಇದೆ.

ಪವರ್ ಲೆನ್ಸ್ ಸಿಗುವುದೇ ಇಲ್ಲ ಅಂತಲ್ಲ. ಇಟಲಿಯ ಕ್ರೆಸ್ಸಿ, ಮಾರೆಸ್, ಜಪಾನಿನ ಟುಸಾ ಕಂಪನಿಗಳು ಎರಡು ಗಾಜಿನ ಕೆಲವು ಮಾಸ್ಕುಗಳಿಗೆ ಅರ್ಧರ್ಧ ಪವರ್ ಅಂತರದಲ್ಲಿ ರೆಡಿ ಲೆನ್ಸ್ ಕೊಡುತ್ತವೆ. ಆದರೆ ಸಾಮಾನ್ಯವಾಗಿ ಒಂದು ಮಾಡೆಲ್ಲಿನ ಲೆನ್ಸ್ ಇನ್ನೊಂದಕ್ಕೆ ಕೂರುವುದಿಲ್ಲ. ರೆಡಿ ಲೆನ್ಸಿನಲ್ಲಿ ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂ ಇರುವವರಿಗೆ ಬೇಕಾದ ಪವರ್) ಇರುವುದೂ ಇಲ್ಲ. ಸಿಲಿಂಡರ್ ಬೇಕಾದರೆ ಕನ್ನಡಕದಂಗಡಿಯಲ್ಲಿ ಲೆನ್ಸ್ ಉಜ್ಜಿಸಿ ಮಾಸ್ಕಿನ ಗಾಜಿಗೆ ಒಳಗಿನಿಂದ ಅಂಟಿಸಬೇಕು, ಯಾಕಂದರೆ ಮಾಸ್ಕಿನದು ಕಾಯಿಸಿ ಗಟ್ಟಿ ಮಾಡಿದ ಟೆಂಪರ್ಡ್ ಗಾಜು, ಅದನ್ನು ಆಮೇಲೆ ಉಜ್ಜಲು ಹೋದರೆ ಪುಡಿಪುಡಿಯಾಗುತ್ತದೆ. ಗಾಜು ಸಲೀಸಾಗಿ ಹೊರಗೆ ಬಂದರೆ ಅದನ್ನಷ್ಟೇ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಬಹುದು.

ಸುಲಭವಾಗಿ ಬಿಚ್ಚೋ ಹಾಗಿದ್ದರೆ ಸೋರುತ್ತದೆ ಅನ್ನುವ ವಾದವನ್ನು ಬಹಳ ಕೇಳಿದ್ದೇನೆ. ನಾನು ಒಪ್ಪಲ್ಲ. ಪ್ರತಿ 10 ಮೀಟರ್ ಇಳಿದ ಹಾಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ನಾವು ಮೂಗಿನಿಂದ ಗಾಳಿ ಬಿಟ್ಟು ಮಾಸ್ಕಿನೊಳಗೆ ಅದನ್ನು ಸರಿದೂಗಿಸುತ್ತೇವೆ. ಸರಿದೂಗಿಸುವುದು ಕೊಂಚ ತಡವಾದರೂ ನೀರು ಗಾಜನ್ನು ಹೊರಗೆ ಎಳೆಯುವುದಿಲ್ಲ, ಒಳಕ್ಕೆ ಸಿಲಿಕೋನಿನ ಮೇಲೆಯೇ ಒತ್ತುತ್ತದೆ. ಮೇಲೆ ಬರುವಾಗ ಹಿಗ್ಗಿದ ಗಾಳಿ ಕೆನ್ನೆಯ ಅಂಚಿನಿಂದ ಗುಳ್ಳೆಯಾಗಿ ಹೋಗಿಬಿಡುತ್ತದೆ. ಕುಕ್ಕರ್ ಗ್ಯಾಸ್ಕೆಟ್ಟನ್ನು ದಿನಾ ಬಿಚ್ಚಿ ತೊಳೆದು ಹಾಕುತ್ತೇವೆ, ಅದಕ್ಕೇ ಹಬೆ ಸೋರುತ್ತಾ? ಅಂಚು ಸ್ವಚ್ಛವಾಗಿ, ನೇರವಾಗಿ ಕೂತರೆ ಸಾಕು. ಗಾಜನ್ನು ಹಿಡಿದಿಡುವ ಕೊಂಡಿ ತಡೆಯಬೇಕಾದ್ದು ಬೇರೆಯದನ್ನು: ದೋಣಿಯಿಂದ ನೀರಿಗೆ ಹಾರಿದಾಗಿನ ಹೊಡೆತ, ಡೆಕ್ಕಿನ ಮೇಲೆ ಬಿದ್ದ ಪೆಟ್ಟು, ಪಕ್ಕದವರು ಕಾಲಿಗೆ ಹಾಕಿಕೊಂಡ ಫಿನ್ ತಾಗುವುದು. ಹಾಗಾಗಿ ಒಂದೇ ಎಳೆತಕ್ಕೆ ತೆರೆಯಬಾರದು. ಒತ್ತಿ, ಆಮೇಲೆ ಜಾರಿಸಿದರೆ ಮಾತ್ರ ಬಿಚ್ಚಬೇಕು. ಗಾಜು ದುಂಡಗೂ ಇರಬಾರದು, ದುಂಡಗಿದ್ದರೆ ತಿರುಗಿ ಸಿಲಿಂಡರ್ ಪವರಿನ ಆಕ್ಸಿಸ್, ಅಂದರೆ ಅದು ಕೂರಬೇಕಾದ ಕೋನ, ತಪ್ಪುತ್ತದೆ.

ಇನ್ನು ಕೊಳೆ. ಹಳೆಯ ಮಾಸ್ಕ್ ಒಂದನ್ನು ಬೆಳಕಿಗೆ ಹಿಡಿದು ನೋಡಿ, ಗಾಜು ಸಿಲಿಕೋನಿಗೆ ಸೇರುವ ಸಂದಿಯಲ್ಲಿ ಕಪ್ಪು ಗೆರೆ ಕಾಣುತ್ತದೆ. ಬೂಷ್ಟು, ಉಪ್ಪು, ಮರಳಿನ ಕಣ ಎಲ್ಲ ಸೇರಿದ್ದು. ಎಷ್ಟು ಬ್ರಷ್ ಹಾಕಿ ತಿಕ್ಕಿದರೂ ಒಳಗೆ ಮುಟ್ಟುವುದಿಲ್ಲ. ಗಾಜು ಬಿಚ್ಚಿದರೆ ನಲ್ಲಿ ಕೆಳಗೆ ಹಿಡಿದು ಬೆರಳಲ್ಲಿ ಒರೆಸಿದರೆ ಆಯಿತು.

ಇದನ್ನು ನಮ್ಮೂರಿನಲ್ಲೇ ಯಾಕೆ ಮಾಡಬಾರದು? ಪೀಣ್ಯದಲ್ಲಿ ಮೌಲ್ಡ್ ಮಾಡುವವರಿದ್ದಾರೆ, ಪ್ಲಾಸ್ಟಿಕ್ ಇಂಜೆಕ್ಷನ್ ಮಾಡುವವರಿದ್ದಾರೆ. ಇಡೀ ಮಾಸ್ಕ್ ಒಂದೇ ಸಲಕ್ಕೆ ಬೇಡ, ಮೊದಲು ಫ್ರೇಮು ಮತ್ತು ಕೊಂಡಿಯ ಮಾದರಿ ಮಾಡಿ ಈಜುಕೊಳದಲ್ಲಿ ಪರೀಕ್ಷಿಸಲಿ. ಡೈವಿಂಗ್ ಶಾಲೆಗಳು ಒಂದು ಡಬ್ಬಿ ತುಂಬಾ ಬೇರೆ ಬೇರೆ ಪವರಿನ ಗಾಜು ಇಟ್ಟುಕೊಂಡರೆ ಬಂದವರ ಕಣ್ಣಿಗೆ ತಕ್ಕಂತೆ ಅಲ್ಲೇ ಹಾಕಿಕೊಡಬಹುದು. ಗಾಜಿನ ಅಂಚಿನಲ್ಲಿ ಪವರಿನ ಅಂಕಿ, ಎಡ ಬಲದ ಗುರುತು ಅಚ್ಚಾಗಿರಲಿ, ಒದ್ದೆ ಕೈಯಲ್ಲಿ ಸವರಿದರೂ ಗೊತ್ತಾಗುವಷ್ಟು ಉಬ್ಬಿರಲಿ. ಪೀಣ್ಯದಲ್ಲಿ ಇಂಥ ಕೆಲಸ ಮಾಡುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ನನ್ನ ಹತ್ತಿರ ಬಿಚ್ಚಿಟ್ಟ ಹಳೇ ಮಾಸ್ಕುಗಳಿವೆ, ಅಳತೆ ತೆಗೆಯೋಕೆ ತಂದುಕೊಡುತ್ತೇನೆ.